ಆಫೀಸರ್ ಬೆರಳು

ಆ ಮ್ಯಾನೇಜರ್ ಮುಖ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಎಂಬತ್ತರ ದಶಕ. ರಾಜಾಜಿನಗರದ ನಮ್ಮ ಕಾರ್ಖಾನೆಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಯಾರು ಯಾವ ವಿಭಾಗ ಅನ್ನೋದೆಲ್ಲ ಅದರೊಳಗೆ. ಅದರಲ್ಲಿರೋ ವಿಭಾಗ ಬಿಟ್ಟು ಬೇರೆ ಕಡೆ ಕೂತರೆ ಹಾಜರಿ ಇಲ್ಲ. ಅದನ್ನ ನೋಡಿಕೊಳ್ಳೋಳು ನಾನು.

ಒಂದಿನ ಮ್ಯಾನೇಜರ್ ಕರೆದು, "ಜವಾಬ್ದಾರಿ ಇರೋರು ಮಾತ್ರ ರೆಕಾರ್ಡ್ ತಿದ್ದಬೇಕು ಕಣಮ್ಮಾ. ಮೆಷೀನಿಗೆ ಹೇಳು" ಅಂದ. ಮೆಷೀನಿಗೆ ಜವಾಬ್ದಾರಿ ಅಂದ್ರೆ ಏನು ಗೊತ್ತು, ಮಣ್ಣು! ಯಾರು ನೋಡಬಹುದು, ಯಾರು ತಿದ್ದಬಹುದು ಅಂತ ಒಂದೊಂದು ಹುದ್ದೆಗೂ ಬಿಡಿಸಿ ಹೇಳಬೇಕು.

"ಯಾರು ಅಂತ ಬರೀಲಿ ಸಾರ್?"

"ಆಫೀಸರ್‌ಗಳು. ಇನ್ಯಾರು? ನೀನೂ ಮುಟ್ಟಕೂಡದು."

"ಆಫೀಸರ್ ಯಾರೂ ಕೀಬೋರ್ಡ್ ಮುಟ್ಟಲ್ವಲ್ಲ ಸಾರ್. ನೀವು ಹೇಳ್ತೀರ, ನಾವು ಟೈಪ್ ಮಾಡ್ತೀವಿ."

"ಹೇಳಿದಷ್ಟು ಮಾಡು."

ಮಾಡಿದೆ. ರೂಲ್ ಬದಲಾಯಿಸೋ ಮಾಸ್ಟರ್ ಪಾಸ್‌ವರ್ಡನ್ನೂ ಕಂಪ್ಯೂಟರ್ ಕಂಪನಿಯವರ ಕೈಲಿ ಬದಲಾಯಿಸಿಕೊಂಡು, ಅದರ ಚೀಟೀನ ತನ್ನ ಬೀರುವಿಗೆ ಹಾಕ್ಕೊಂಡ, ಮಹಾನುಭಾವ.

ಪೇಂಟ್ ವಿಭಾಗಕ್ಕೆ ಕೆಂಗೇರಿಯಿಂದ ಒಬ್ಬಳು ಬರ್ತಿದ್ದಳು. ಚೊಚ್ಚಲ ಬಸುರಿ. ಥಿನ್ನರ್ ವಾಸನೆಗೆ ತಲೆ ಸುತ್ತಿ ಬಿದ್ದಿದ್ದಳು. ಅಲ್ಲೇ ಇದ್ರೆ ಮಗು ಉಳಿಯೋದು ಕಷ್ಟ ಅಂದಿದ್ರು ಡಾಕ್ಟರು. ಮ್ಯಾನೇಜರ್ ಇಲ್ಲ ಅನ್ನಲಿಲ್ಲ, ಪಾಪ. "ಪ್ಯಾಕಿಂಗಿಗೆ ಹಾಕು" ಅಂದ.

"ನನ್ನ ಕೈಲಿ ಆಗಲ್ಲ ಸಾರ್. ನೀವೇ ಬಂದು ಒತ್ತಬೇಕು."

ಧೂಳಾಗುತ್ತೆ ಅಂತ ಕಂಪ್ಯೂಟರ್ ರೂಮಿಗೆ ಎಲ್ಲರೂ ಚಪ್ಪಲಿ, ಶೂ ಬಿಚ್ಚಿಯೇ ಬರಬೇಕಿತ್ತು. ಅವನಿಗೆ ಉರಿದುಹೋಯ್ತು. "ನಾನೇನು ಟೈಪಿಸ್ಟಾ? ಶೂ ಬಿಚ್ಚಿ ನಿಮ್ಮ ಪಕ್ಕ ಕೂತ್ಕೊಂಡು ಟಕಟಕ ಅನ್ನಲಾ?"

"ಹಾಗಾದ್ರೆ ಪಾಸ್‌ವರ್ಡ್ ಕೊಡಿ."

"ರೂಲ್ ಅಂದ್ರೆ ರೂಲ್."

ಮಿಕ್ಕ ಆಫೀಸರ್‌ಗಳದ್ದೂ ಅದೇ ರಾಗ. ಬೆರಳು ಸವೆದುಹೋಗ್ತಿತ್ತಾ ಇವರಿಗೆ? ಅವಳು ದಿನಾ ಊಟದ ಹೊತ್ತಲ್ಲಿ ಬಾಗಿಲ ಹತ್ರ ಬಂದು, "ಅಕ್ಕಾ, ಇವತ್ತಾದ್ರೂ ಆಯ್ತಾ?" ಅನ್ನೋಳು. ನಾನು ಮತ್ತೆ ಅವನ ರೂಮಿಗೆ ಹೋಗಿ ಬೈಸಿಕೊಂಡು ಬರ್ತಿದ್ದೆ.

ಒಂದಿನ ಅವಳು ಬರಲಿಲ್ಲ. ಅವಳ ಗಂಡ ಬಂದ. ಮಗು ಹೋಯ್ತು ಅಂತ ಗೇಟಲ್ಲಿ ನಿಂತು ಕೂಗಾಡಿದ. ಯೂನಿಯನ್ನಿನವರೂ ಸೇರಿಕೊಂಡರು.

ಅವತ್ತು ಮಧ್ಯಾಹ್ನ ಮ್ಯಾನೇಜರ್ ನಮ್ಮ ರೂಮಿಗೆ ಬಂದ. ಬಗ್ಗಿ ತಾನೇ ಶೂ ಬಿಚ್ಚಿದ. ನನ್ನ ಕುರ್ಚಿ ಎಳ್ಕೊಂಡು ಕೂತು, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿ, ಅವಳನ್ನ ಪ್ಯಾಕಿಂಗಿಗೆ ಹಾಕಿದ. ತಾರೀಖು ಮಾತ್ರ ಹೋದ ವಾರದ್ದು.

"ಟೈಪಿಂಗ್ ಬರುತ್ತಲ್ಲ ಸಾರ್ ನಿಮಗೆ" ಅಂದೆ.

ತಲೆ ಎತ್ತದೆ ಶೂ ಲೇಸು ಕಟ್ಟಿಕೊಳ್ತಾ ಇದ್ದ.