ಅಕ್ಕನ ಮಗ್ಗಿ, ನನ್ನ ದೊಡ್ಡಕ್ಷರ

ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳಿಂದ ನನ್ನಷ್ಟು ದಣಿದವರು ಕಲಬುರಗಿಯಲ್ಲಿ ಇನ್ನೊಬ್ಬರು ಇರಲಾರರು. ಹಗಲೆಲ್ಲ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ಸಾಕಾಗಿ ಬಂದವನು, ಕೈಕಾಲು ತೊಳೆದು ಮತ್ತೆ ಕಂಪ್ಯೂಟರ್ ಮುಂದೆಯೇ ಕೂರುತ್ತಿದ್ದೆ. ಲಿಸ್ಪ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಮೇಲೆ ನನಗೆ ವಿನಾಕಾರಣ ಮೋಹ. ಅದರಲ್ಲಿ ಬರೆದದ್ದನ್ನು ಬ್ರೌಸರಿಗೆ ತಿಳಿಯುವ ಜಾವಾಸ್ಕ್ರಿಪ್ಟಿಗೆ ತಿರುಗಿಸುವ ಕಂಪೈಲರ್ ಒಂದನ್ನು ಕಟ್ಟುತ್ತಿದ್ದೆ.

ಅಕ್ಕ ಕಮಲಾಪುರದ ಶಾಲೆಯಲ್ಲಿ ಗಣಿತದ ಟೀಚರು. ಆ ತಿಂಗಳ ಕೊನೆಗೆ ನಿವೃತ್ತಿ. ಶಾಲೆಗೆ ಬಂದಿದ್ದ ಕಂಪ್ಯೂಟರುಗಳು ಮುಸುಕು ಹೊದ್ದು ಕೂತಿದ್ದವು. "ನಾ ಹೋಗೂದ್ರೊಳಗ ಹುಡುಗೂರು ಒಮ್ಮ್ಯಾರ ಅದನ್ನ ಮುಟ್ಟಲಿ. ಮಗ್ಗಿ ಆಟ ಒಂದ್ ಮಾಡಿಕೊಡೋ ತಮ್ಮಾ" ಎಂದಳು.

ಮಾಡಿದೆ. ಲಿಸ್ಪಿನಲ್ಲೇ ಬರೆದೆ. ತೊಡಕಿದ್ದದ್ದು ಅಕ್ಷರದಲ್ಲಿ. ಹೆಸರುಗಳನ್ನು ಹೇಗೇ ಬರೆದರೂ ನನ್ನ ಲಿಸ್ಪ್ ಎಲ್ಲವನ್ನೂ ದೊಡ್ಡಕ್ಷರವಾಗಿಯೇ ಓದಿಕೊಳ್ಳುತ್ತದೆ. ಜಾವಾಸ್ಕ್ರಿಪ್ಟಿಗೋ, ಒಂದಕ್ಷರ ದೊಡ್ಡದರ ಬದಲು ಸಣ್ಣದಾದರೂ ಅದು ಬೇರೆಯೇ ಹೆಸರು. ಕಂಪೈಲರ್ ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸುವಂತೆ ಮಾಡಿದ್ದೆ. ಆದರೆ ಬ್ರೌಸರಿನ ಸ್ವಂತ ಹೆಸರುಗಳಲ್ಲಿ ನಡುನಡುವೆ ದೊಡ್ಡಕ್ಷರಗಳು ಬರುತ್ತವೆ. ಅವನ್ನು ಪ್ರತಿ ಸಲ ಕೈಯಿಂದಲೇ ತಿದ್ದುತ್ತಿದ್ದೆ. ಹೊರಡುವ ದಿನ ಬೆಳಿಗ್ಗೆ ಯಾವುದೋ ಲೆಕ್ಕ ಬದಲಿಸಿ ಮತ್ತೆ ಕಂಪೈಲ್ ಮಾಡಿದೆ. ತಿದ್ದುವುದನ್ನು ಮರೆತು, ಫ್ಲಾಪಿ ಹಿಡಿದು ಬಸ್ ಹತ್ತಿದೆ.

ಕಮಲಾಪುರದಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಬಗ್ಗಿ ನೋಡಿದರು. ಪರದೆ ಬೆಳ್ಳಗಿತ್ತು. ಹೆಡ್ ಮಾಸ್ತರರು ಗಡಿಯಾರ ನೋಡಿಕೊಂಡರು.

"ಯಾಕೋ, ಏನೂ ಕಾಣವಲ್ದು?" ಅಕ್ಕನ ದನಿ ಇಳಿದಿತ್ತು.

"ದೊಡ್ಡಕ್ಷರ ಇರೂ ಕಡೆ ಸಣ್ಣಕ್ಷರ ಆಗ್ಯದ ಅಕ್ಕಾ."

"ಅಷ್ಟಕ್ಕ ಮುನಿಸ್ಕೊಂಡು ಕುಂತದೇನು? ನಮ್ಮ ಕನ್ನಡದಾಗ ಇಂಥ ತ್ರಾಸ ಇಲ್ ನೋಡು."

ಬೆವರುತ್ತ ಒಂದೊಂದೇ ಹೆಸರು ತಿದ್ದಿದೆ. ಅಷ್ಟು ಹೊತ್ತೂ ಅಕ್ಕ ಮಕ್ಕಳಿಂದ ಬಾಯಿಮಗ್ಗಿ ಹೇಳಿಸಿದಳು. ಕೊನೆಗೆ ಆಟ ಕಂಡಿತು, ಕೋಣೆಯೆಲ್ಲ ಗದ್ದಲವಾಯಿತು. ಅಕ್ಕ ಬಾಗಿಲಿಗೆ ಒರಗಿ ನಿಂತುಬಿಟ್ಟಳು. ಅವಳೂ ದಣಿದಿದ್ದಳೆಂದು ನನಗೆ ಆಗ ಹೊಳೆಯಿತು.

ಆ ವಾರವೇ ಕಂಪೈಲರಿಗೆ ಒಂದು ನಿಯಮ ಕಲಿಸಿದೆ: ದೊಡ್ಡಕ್ಷರ ಬೇಕಾದಲ್ಲಿ ನಾನು ಲಿಸ್ಪ್ ಹೆಸರಿನ ನಡುವೆ ಅಡ್ಡಗೆರೆ ಹಾಕುತ್ತೇನೆ, ನೀನು ಆ ಗೆರೆಯನ್ನು ಬಿಟ್ಟು ಮುಂದಿನ ಅಕ್ಷರವನ್ನು ದೊಡ್ಡದು ಮಾಡು, ಉಳಿದದ್ದೆಲ್ಲ ಸಣ್ಣದು. ಇನ್ನು ಕೈಯಿಂದ ತಿದ್ದುವ ಕಾಟವಿಲ್ಲ, ಕಾಲು ಚಾಚಬಹುದು ಎಂದುಕೊಂಡೆ.

ನಿವೃತ್ತಿಯಾದ ಮೇಲೊಂದು ದಿನ ಅಕ್ಕ ಫೋನ್ ಮಾಡಿದಳು. "ಹುಡುಗೂರು ಮನೀತನಕ ಬರಾಕತ್ತಾರೋ. ಭಾಗಾಕಾರದ ಆಟ ಯಾವಾಗ್ರಿ ಟೀಚರ್ ಅಂತ ಕೇಳ್ತಾರ. ಏನ್ ಹೇಳ್ಲಿ?"

"ನೋಡೂಣು ಅಂತ ಹೇಳಕ್ಕಾ, ಭಾಳ ದಣಿದೀನಿ" ಎಂದೆ.

ಫೋನ್ ಇಟ್ಟು ನೋಡಿದರೆ ಕಂಪ್ಯೂಟರಿನ ಸ್ವಿಚ್ ಆಗಲೇ ಒತ್ತಿಯಾಗಿತ್ತು. ದಣಿದಿದ್ದೇನೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಕೈಗೆ ಮಾತ್ರ ಹೇಳಿರಲಿಲ್ಲ.