ಊರಿಗೊಂದು ದರ, ಓಣಿಗೊಂದು ದರ

ಬಂಗಾರಕ್ಕೆ ಊರೆಲ್ಲ ಹೆಚ್ಚುಕಡಿಮೆ ಒಂದೇ ದರ ಇರುವಾಗ ಗೋಡೆಗೇಕೆ ಓಣಿಗೊಂದು ದರ ಎಂದು ಈ ವರ್ಷದವರೆಗೆ ನಾನು ಯೋಚಿಸಿದವಳಲ್ಲ. ಮನೆ ಕಟ್ಟಿಸುವ ಮಾತು ನಮ್ಮಲ್ಲಿ ಯಜಮಾನರದು, ಚಹಾ ತಂದಿಡುವುದು ನನ್ನದು. ಕಮಲಾಪುರದಲ್ಲಿ ಸಣ್ಣ ನಿವೇಶನ ಕೊಂಡಿಟ್ಟು, ಎರಡು ಕೋಣೆ ಕಟ್ಟಿಸಿ ಕಲಬುರಗಿಯ ಬ್ರಹ್ಮಪುರದ ಬಾಡಿಗೆ ಮನೆ ಬಿಡೋಣ ಎನ್ನುತ್ತಿದ್ದ ನನ್ನ ಯಜಮಾನರು ಹೋದ ಚಳಿಗಾಲದಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ನಿವೇಶನ ಉಳಿಯಿತು. ಮಾರಿಬಿಡು ಎಂದರು ಬಂಧುಗಳು. ನನಗೆ ಆ ಎರಡು ಕೋಣೆ ಬೇಕಾಗಿದ್ದವು.

ಕಲಬುರಗಿಯ ಜಗತ್ ವೃತ್ತದ ಹತ್ತಿರದ ಗುತ್ತೇದಾರರ ಕಚೇರಿಯಲ್ಲಿ ಗಾಜಿನ ಮೇಜು, ಗಾಜಿನ ಕೆಳಗೆ ದೇವರ ಚಿತ್ರಗಳು. ಅವರು ನನ್ನ ಹೆಗಲಾಚೆಯ ಬಾಗಿಲನ್ನೇ ನೋಡುತ್ತಿದ್ದರು.

“ಸಾಹೇಬ್ರು ಹೊರಗ ಗಾಡಿ ನಿಂದ್ರಸಾಕತ್ತಾರೇನ್ರೀ?”

ಯಜಮಾನರು ಇನ್ನು ಬರುವುದಿಲ್ಲ ಎಂದು ತಿಳಿಸಿ ಹೇಳಲು ನನಗೆ ಒಂದು ಲೋಟ ನೀರು ಬೇಕಾಯಿತು. ಗುತ್ತೇದಾರರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. ಆಮೇಲೆ ದರದ ಭೂಗೋಳ ಬಿಡಿಸಿದರು.

“ಜಗತ್‌ನ್ಯಾಗ ಸಾಮಾನು ಇಳಸಾಕ ಜಾಗಾ ಇಲ್ಲ, ರೇಟು ಹೆಚ್ಚು. ನಿಮ್ಮ ಬ್ರಹ್ಮಪುರದ ಓಣ್ಯಾಗ ಟಿಪ್ಪರ್ ಹೋಗಂಗಿಲ್ಲ, ಉಸುಕು ತಲಿ ಮ್ಯಾಲ ಹೊರಬೇಕು, ಇನ್ನೂ ಹೆಚ್ಚು. ಅದರ ಮ್ಯಾಲ ಇಲ್ಲೆಲ್ಲ ಕರಿ ಎರಿ ಮಣ್ಣು, ಪಾಯಾ ಆಳಕ್ಕ ಹೋಗಬೇಕು. ಕಮಲಾಪುರದ್ದು ಕೆಂಪು ಮಣ್ಣು ರೀ, ಪಾಯಾ ಅಗ್ಗ. ಆದ್ರ ನಮ್ಮ ಮಂದಿ ಹೋಗಿ ಬರೋ ಖರ್ಚು ನಿಮ್ಮದು.”

ಉದ್ದವನ್ನು ಅಗಲದಿಂದ ಗುಣಿಸಿದರೆ ವಿಸ್ತೀರ್ಣ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಮಣ್ಣಿನ ಬಣ್ಣವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿರಲಿಲ್ಲ. ಸ್ಟೇಶನ್ ಬಜಾರದ ಇನ್ನೊಬ್ಬ ಗುತ್ತೇದಾರರಿಗೆ ನನ್ನ ಸಂಗತಿಯನ್ನು ಮೊದಲೇ ಹೇಳಿದೆ. ಅವರು “ಪಾಪ” ಎಂದು ಚದರಡಿಗೆ ನೂರು ರೂಪಾಯಿ ಇಳಿಸಿದರು. ಒಳ್ಳೆಯ ಮನುಷ್ಯರೇ. ಆದರೆ ಆ ನೂರು ರೂಪಾಯಿ ಉಳಿಸಿಕೊಳ್ಳಲು ಮನಸ್ಸಾಗಲಿಲ್ಲ, ನಮಸ್ಕರಿಸಿ ಎದ್ದುಬಂದೆ.

ಕೊನೆಗೆ ಕಮಲಾಪುರದ ಮಲ್ಲಣ್ಣನಿಗೇ ಕೆಲಸ ಒಪ್ಪಿಸಿದೆ. ಆತ ಸ್ಥಳೀಯ ಗುತ್ತೇದಾರ. ಹೋಗಿ ಬರುವ ಖರ್ಚಿಲ್ಲ, ಕನಿಕರವೂ ಇಲ್ಲ. ಪಾಯಾ, ಗೋಡೆ, ಸ್ಲ್ಯಾಬು, ಶಹಾಬಾದ್ ಕಲ್ಲಿನ ನೆಲ, ಎಲ್ಲಕ್ಕೂ ದರ ಹೇಳಿ ಮುಗಿಸಿ ತಲೆ ಕೆರೆದುಕೊಂಡ.

“ಅಕ್ಕಾರ, ಬಾಗಲಾ ನಿಂದ್ರಸೋ ಪೂಜಿಗೆ ಗಂಡ ಹೆಂಡ್ತಿ ಜೋಡಿ ಕೂಡಬೇಕಾಗ್ತದ. ನಾನೂ ನಮ್ಮ ಮನ್ಯಾಕಿನೂ ಕೂಡ್ತೀವಿ. ಅದಕ್ಕ ರೊಕ್ಕ ಏನಿಲ್ಲ.”

ಅಷ್ಟು ದಿನದ ದರಗಳಲ್ಲಿ ಪುಕ್ಕಟೆಯಾಗಿ ಸಿಕ್ಕಿದ್ದು ಅದೊಂದೇ. ಹೂಂ ಅಂದೆ. ಬಸ್ಸಿನಲ್ಲಿ ಕಲಬುರಗಿಗೆ ಮರಳುವಾಗ ಮಾತ್ರ ಅದೇ ಎಲ್ಲಕ್ಕಿಂತ ತುಟ್ಟಿ ಎನ್ನಿಸಿತು. ನನ್ನ ಮನೆಯ ಬಾಗಿಲು ನಿಲ್ಲುವ ದಿನ ನಾನು ಉಸುಕಿನ ರಾಶಿಯ ಪಕ್ಕ ನಿಲ್ಲಬೇಕು.

ಹಾಗೆಯೇ ನಿಂತೆ. ಬಾಗಿಲ ಚೌಕಟ್ಟಿನ ಮುಂದೆ ಎರಡು ಮಣೆ ಹಾಕಿದ್ದರು, ಒಂದರ ಮೇಲೆ ಮಲ್ಲಣ್ಣ ಆಗಲೇ ಕುಳಿತಿದ್ದ. ಮಲ್ಲಣ್ಣನ ಹೆಂಡತಿ ಶರಣಮ್ಮ ಹಸಿರು ಸೀರೆ ಉಟ್ಟು ಬಂದಳು. ನನ್ನನ್ನು ನೋಡಿದಳು, ಮಣೆಗಳನ್ನು ನೋಡಿದಳು.

“ಈ ಮನ್ಯಾಗ ಇರಾಕಿ ಯಾರು?” ಎಂದು ಗಂಡನನ್ನು ಕೇಳಿದಳು.

“ಅಕ್ಕಾರ ಇರ್ತಾರ.”

“ಮತ್ತ ನೀ ಯಾಕ ಕೂಡಾಕತ್ತಿ? ಏಳು.”

“ಏ, ಪದ್ಧತಿ ಅದ.”

“ಪದ್ಧತಿಗೆ ಇಬ್ಬರು ಬೇಕು ಹೌದಿಲ್ಲೋ? ನಾವಿಬ್ಬರು ಅದೀವಲ್ಲ. ಬರ್ರಿ ಅಕ್ಕಾ.”

ಮಲ್ಲಣ್ಣ ಎದ್ದ. ಪೂಜಾರಿ ಕಾಯಿಯ ಜುಟ್ಟು ಕೀಳುವುದರಲ್ಲಿ ಬಹಳ ಮಗ್ನರಾದರು. ನಾನು ಕುಳಿತೆ. ನನ್ನ ಯಜಮಾನರು ಕೂರಬೇಕಾಗಿದ್ದ ಮಣೆಯ ಮೇಲೆ ಶರಣಮ್ಮ ಕುಳಿತಳು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಚೌಕಟ್ಟಿನ ಹೊಸ ಕಟ್ಟಿಗೆಗೆ ಅರಿಶಿನ ಹಚ್ಚುವಾಗ ಬಿಸಿಲಿಗೆ ಕಣ್ಣಲ್ಲಿ ನೀರಾಡುತ್ತಿದೆ ಎಂದೆ. ಆಕಾಶ ತುಂಬ ಮೋಡವಿತ್ತು. “ಹೌದ್ರಿ, ಭಾಳ ಬಿಸಿಲು,” ಎಂದಳು ಶರಣಮ್ಮ.