ಬೆಟ್ಟದ ರಾಣಿ ಸೈಕಲ್ಲೇರಿದ್ದು

ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತುವವರನ್ನು ಮೊದಲ ಸಲ ಕಂಡಾಗ ಹಾಲ್ಬೇರಾ ಕುದುರೆ ನಿಲ್ಲಿಸಿ, ಬಹಳ ಮರ್ಯಾದೆಯಿಂದಲೇ ಕೇಳಿದ್ದಳು: "ಪಾಪ, ಅದಕ್ಕೆ ಕಾಲುನೋವಾ?"

ಆ ಪರದೇಶಿಗಳಿಗೆ ಮಾತು ಅರ್ಥವಾಗಲಿಲ್ಲ. ಕೈಬೀಸಿ ನಕ್ಕರು. ಅವಳು ನಗಲಿಲ್ಲ.

ವರ್ಷ ಕಳೆದಂತೆ ಅವರ ಸಂತತಿ ಬೆಳೆಯಿತು. ಬೇಸಿಗೆ ಬಂತೆಂದರೆ ಲಾವಾ ಬಯಲಿನ ನಡುವೆ, ಹಬೆಯಾಡುವ ಹಳದಿ ಗುಡ್ಡಗಳ ಇಳಿಜಾರಿನಲ್ಲಿ, ಗಿಳಿಬಣ್ಣದ ಅಂಗಿಯವರು ಸಾಲುಗಟ್ಟಿ ಉರುಳುತ್ತಿದ್ದರು. ಉರುಳುವುದು ಎಂದರೆ ಕೆಲವರ ವಿಷಯದಲ್ಲಿ ನಿಜವಾಗಿ ಉರುಳುವುದೇ. ಹಾಲ್ಬೇರಾಳ ಅಜ್ಜಿಯ ಕಾಲದ ಕುರಿಗಳು ಹುಲ್ಲು ಹುಡುಕುತ್ತ ತುಳಿದು ಮಾಡಿದ ದಾರಿಗಳನ್ನು ಇವರು ಹೊಸದಾಗಿ ಕಂಡುಹಿಡಿದು, ನಾಮಕರಣವನ್ನೂ ಮಾಡಿದರು. ಮುದುಕಿಬೆನ್ನು ಎಂಬ ಉದ್ದನೆಯ ದಿಣ್ಣೆ 'ಡ್ರ್ಯಾಗನ್ ಟ್ರೇಲ್' ಆಯಿತು. ಕುರಿಗಳಿಗೆ ಯಾರಾದರೂ ತಿಳಿಸಿದರೋ ಇಲ್ಲವೋ ಎಂದು ಹಾಲ್ಬೇರಾ ಗಂಡನನ್ನು ಕೇಳಿದಳು. ಗಂಡ ಬಾರ್ದುರ್ ಸ್ವೆಟರ್ ಹೆಣೆಯುತ್ತಿದ್ದ. ಕುಣಿಕೆ ತಪ್ಪೀತೆಂದು ಎಣಿಸುತ್ತಲೇ ಇದ್ದ.

ಅವರ ಮನೆ ಮೆಲಾರ್ ಇರುವುದು ಐಸ್‌ಲ್ಯಾಂಡಿನ ದಕ್ಷಿಣದಲ್ಲಿ, ಹುಲ್ಲುಗಾವಲು ಮುಗಿದು ಬೂದಿಮರಳು ಶುರುವಾಗುವ ಜಾಗದಲ್ಲಿ. ಅಲ್ಲಿಂದ ಮೇಲೆ ಮನೆಗಳಿಲ್ಲ. ಬೇಸಿಗೆಯಲ್ಲಿ ಊರಿನ ಕುರಿಗಳನ್ನೆಲ್ಲ ಬೆಟ್ಟಕ್ಕೆ ಬಿಡುತ್ತಾರೆ. ಸೆಪ್ಟೆಂಬರಿನಲ್ಲಿ ಮನೆಗೊಬ್ಬರಂತೆ ಕುದುರೆಯೇರಿ ಹೋಗಿ ಒಟ್ಟುಮಾಡಿ ತರುತ್ತಾರೆ. ಆ ಕೆಲಸದ ಮುಂದಾಳನ್ನು ಬೆಟ್ಟದ ರಾಜ ಎನ್ನುವುದು ವಾಡಿಕೆ. ಹಾಲ್ಬೇರಾಳ ಅಪ್ಪ ರಾಜನಾಗಿದ್ದ, ಆಮೇಲೆ ಅವಳು ರಾಣಿಯಾದಳು. ಹೆಣ್ಣಿಗೂ ಒಂದು ಅವಕಾಶ ಇರಲಿ ಎಂಬ ಉದಾರ ಬುದ್ಧಿಯಿಂದ ಊರಿನವರು ಅವಳನ್ನು ಆರಿಸಿದ್ದಲ್ಲ. ಅವಳು ಬೈದರೆ ಎದುರುಗಾಳಿಯಲ್ಲೂ ಕೇಳಿಸುತ್ತಿತ್ತು, ಅಷ್ಟೆ. ಜ್ವಾಲಾಮುಖಿ ಸಿಡಿದು ಬೂದಿ ಸುರಿದ ವರ್ಷ ಹಗಲೇ ಕತ್ತಲಾಗಿ ಒಬ್ಬರ ಮುಖ ಒಬ್ಬರಿಗೆ ಕಾಣದಾದಾಗ, ಕುರಿಗಳೂ ಮನುಷ್ಯರೂ ಅವಳ ಬೈಗುಳದ ಜಾಡು ಹಿಡಿದೇ ಸುರಕ್ಷಿತವಾಗಿ ಇಳಿದು ಬಂದಿದ್ದರು.

ಅವಳ ಕುದುರೆಯ ಹೆಸರು ಮೋಸಿ. ಬೂದುಗಂದು ಬಣ್ಣದ ಸಾಧುಪ್ರಾಣಿ. ಮೋಸ ಮಾಡಿದ್ದು ಅದರ ಕೂದಲು. ಒಂದು ಚಳಿಗಾಲ ಅವಳಿಗೆ ಸೀನು ಹಿಡಿಯಿತು, ವಸಂತದ ಹೊತ್ತಿಗೆ ಉಬ್ಬಸವಾಯಿತು. ಪೇಟೆಯ ಡಾಕ್ಟರು ತೋಳಿಗೆ ಏನೇನೋ ಚುಚ್ಚಿ ನೋಡಿ, ಕುದುರೆ ಅಂದ.

"ಕುದುರೆಗೇನಾಯ್ತು?"

"ಕುದುರೆಗೇನೂ ಆಗಿಲ್ಲ. ನಿನಗೆ ಕುದುರೆ ಆಗಲ್ಲ."

"ನಡೆಯೋಕೆ ಮುಂಚೆ ಕುದುರೆ ಹತ್ತಿದವಳು ನಾನು. ಅದು ಇಷ್ಟು ದಿನ ಸುಮ್ನಿದ್ದು ಈಗ ನೆನಪು ಮಾಡ್ಕೊಂಡಿತಾ, ಹೇಳು?"

ನಮ್ಮ ಐಸ್‌ಲ್ಯಾಂಡಿನಲ್ಲಿ ಮಂತ್ರಿಗೂ ಡಾಕ್ಟರಿಗೂ ಕುರಿಗೂ ಒಂದೇ ಏಕವಚನ, ಆದ್ದರಿಂದ ಡಾಕ್ಟರು ಬೇಸರಪಡಲಿಲ್ಲ. ಮತ್ತೆ ಕುದುರೆ ಹತ್ತಿದರೆ ಬೆಟ್ಟದಿಂದ ಇಳಿಸಿ ತರಬೇಕಾದವರು ಬೇರೆಯವರು ಎಂದು ಮಾತ್ರ ಹೇಳಿ ಕಳಿಸಿದ.

ಸುದ್ದಿ ತಿಳಿದ ಕೂಡಲೇ ಪಕ್ಕದ ತೋಟದ ಎಯೋಲ್ಫ್ ಒಣಮೀನು, ಬೆಣ್ಣೆ ಹಿಡಿದು ಸಾಂತ್ವನಕ್ಕೆ ಬಂದ. ಎಯೋಲ್ಫ್ ಒಳ್ಳೆಯವನು. ಹಾಗೆಂದು ಅವನೇ ಎಲ್ಲರಿಗೂ ಹೇಳುತ್ತಿದ್ದ. ಬೆಟ್ಟದ ರಾಜನಾಗುವ ಆಸೆ ತನಗೆ ಎಳ್ಳಷ್ಟೂ ಇಲ್ಲವೆಂದು ಪ್ರತಿ ಚುನಾವಣೆಯಲ್ಲೂ ನಿಂತು ಸಾರಿದ್ದ. ಈಗ ಅವಳ ಭಾರವನ್ನು ತಾನು ಹೊರಬಲ್ಲೆನೆಂದ. ಬೆಟ್ಟದ ಮೇಲಿನ ಗುಡಿಸಲಲ್ಲಿ ಎಲ್ಲರಿಗೂ ಮಾಂಸದ ಸಾರು ಮಾಡುವವನು ಬಾರ್ದುರ್, ಅವನಿಗೆ ಗಜ್ಜರಿ ಹೆಚ್ಚಿಕೊಡಲು ಒಂದು ಕೈ ಬೇಕು ಎಂದೂ ಸೂಚಿಸಿದ. ಹೊರಡುವಾಗ, ಕುದುರೆ ಸುಮ್ಮನೆ ನಿಂತು ಕೊಬ್ಬುವುದು ಬೇಡವೆಂದು ಮೋಸಿಯನ್ನೂ ಹೊಡೆದುಕೊಂಡು ಹೋದ. ಹಾಲ್ಬೇರಾ ಕಿಟಕಿಯಲ್ಲಿ ನಿಂತು ನೋಡಿದಳು. ಬಾಗಿಲಿಗೆ ಬರಲಿಲ್ಲ.

ಮಾರನೆಯ ದಿನ ಅವಳು ತೆಕ್ಲಾಳ ಹತ್ತಿರ ಹೋದಳು.

ತೆಕ್ಲಾ ರಾಜಧಾನಿಯ ಹುಡುಗಿ, ಸೈಕಲ್ಲಿನವರನ್ನು ಬೆಟ್ಟಕ್ಕೆ ಕರೆದೊಯ್ಯುವುದೇ ಅವಳ ದಂಧೆ. ಹಿಂದೊಮ್ಮೆ ಅವಳ ತಂಡದ ಯಾರೋ ದಾರಿ ಬಿಟ್ಟು ಪಾಚಿಯ ಮೇಲೆ ಚಕ್ರದ ಗೆರೆ ಎಳೆದಿದ್ದರು. ಲಾವಾದ ಮೇಲಿನ ಪಾಚಿಗೆ ಗಾಯವಾದರೆ ಮಾಯಲು ಮನುಷ್ಯನ ಅರ್ಧ ಆಯುಷ್ಯ ಬೇಕು. ಹಾಲ್ಬೇರಾ ಇಡೀ ತಂಡವನ್ನು ಮಂಡಿಯೂರಿಸಿ, ಮಲಗಿದ ಪಾಚಿಯನ್ನು ಬೆರಳಿನಿಂದ ಎಬ್ಬಿಸಿ ನಿಲ್ಲಿಸುವಂತೆ ಮಾಡಿದ್ದಳು. ಅದರಲ್ಲೊಬ್ಬ ಜರ್ಮನಿಯ ನ್ಯಾಯಾಧೀಶ.

ಈಗ ಅದೇ ಹಾಲ್ಬೇರಾ ಟೋಪಿ ಕೈಯಲ್ಲಿ ಹಿಡಿದು ಅಂಗಳದಲ್ಲಿ ನಿಂತು, ಸೈಕಲ್ ಕಲಿಯಬೇಕು ಅಂದಳು.

ತೆಕ್ಲಾ ಸಾವಕಾಶವಾಗಿ ಕಾಫಿ ಕುಡಿದು ಮುಗಿಸಿದಳು. ಆಮೇಲೆ ಬ್ಯಾಟರಿಯ ಸೈಕಲ್ಲೊಂದನ್ನು ತಂದು ನಿಲ್ಲಿಸಿ, "ಇದು ಕಚ್ಚಲ್ಲ. ಬೈದ್ರೂ ಓಡಲ್ಲ. ನಿನಗೆ ಕಷ್ಟ ಆಗ್ಬಹುದು," ಅಂದಳು.

ಕಷ್ಟವೇ ಆಯಿತು. ಕುದುರೆಗೆ ಸ್ವಂತ ಕಣ್ಣಿರುತ್ತದೆ, ಸೈಕಲ್ಲಿಗಿಲ್ಲ ಎಂಬುದು ಅವಳಿಗೆ ಬಿದ್ದು ಬಿದ್ದೇ ಮನವರಿಕೆಯಾಯಿತು. ಕಲ್ಲಿನ ಮೇಲೆ ಬಿದ್ದಳು, ತೊರೆಗೆ ಬಿದ್ದಳು, ಒಮ್ಮೆ ದಾರಿ ತಪ್ಪಿ ಪಾಚಿಯ ಮೇಲೂ ಬಿದ್ದಳು. ತೆಕ್ಲಾ ಹತ್ತಿರ ಬಂದು ಕೈ ಕಟ್ಟಿ ನಿಂತಳು.

"ಮಂಡಿ ಊರು. ಬೆರಳಲ್ಲಿ ಎಬ್ಬಿಸು."

ಹಾಲ್ಬೇರಾ ಎಬ್ಬಿಸಿದಳು. ಪೂರ್ತಿ.

ಆಗಸ್ಟಿನಲ್ಲಿ ಊರಸಭೆ ಸೇರಿತು. ಮನೆಗೊಬ್ಬ ಆಳು, ಆಳಿಗೊಂದು ಕುದುರೆ ಎಂಬುದು ನಿಯಮ. ಸೈಕಲ್ಲು ಕುದುರೆ ಹೌದೋ ಅಲ್ಲವೋ ಎಂದು ನಿರ್ಧರಿಸಲು ಹಿರಿಯರು ಒಂದು ಸಂಜೆಯನ್ನೂ ಎರಡು ಹಂಡೆ ಕಾಫಿಯನ್ನೂ ವ್ಯಯಿಸಿದರು. ಅದು ಲದ್ದಿ ಹಾಕುವುದಿಲ್ಲ ಎಂಬುದು ಎಯೋಲ್ಫನ ಮುಖ್ಯ ವಾದ. ಕೊನೆಗೆ, ಈ ಒಂದು ವರ್ಷದ ಮಟ್ಟಿಗೆ, ಮುಂದಿನವರಿಗೆ ನಿದರ್ಶನವಾಗದಂತೆ, ಅದನ್ನು ಕುದುರೆ ಎಂದು ಭಾವಿಸತಕ್ಕದ್ದು ಎಂದು ತೀರ್ಮಾನವಾಯಿತು. ದೇಶ ಆಳುವವರೂ ಇಷ್ಟು ಎಚ್ಚರ ವಹಿಸಿದ್ದಿಲ್ಲ.

ಸೆಪ್ಟೆಂಬರಿನಲ್ಲಿ ಬೆಟ್ಟಕ್ಕೆ ಹೊರಟಾಗ ಎಯೋಲ್ಫ್ ಮೋಸಿಯ ಮೇಲೇ ಬಂದ. ಬೇರೆ ಕುದುರೆಗಳಿಗೆ ಲಾಳ ಹಾಕಿಸಿರಲಿಲ್ಲವಂತೆ. ಹಾಲ್ಬೇರಾ ಗಾಳಿ ನೋಡಿಕೊಂಡು ಎಲ್ಲರಿಂದ ದೂರ ದೂರ ಸಾಗಿದಳು. ಪೆಡಲು ತುಳಿಯುವುದು ನಿಲ್ಲಿಸಿದ ಕೂಡಲೇ ಸೈಕಲ್ಲಿನ ಹಿಂಚಕ್ರ ಟಿಕಟಿಕ ಟಿಕಟಿಕ ಅನ್ನುತ್ತಿತ್ತು. ಮೊದಲ ದಿನ ಆ ಸದ್ದಿಗೆ ಬೆಚ್ಚಿದ ಕುರಿಗಳ ದಂಡು ಬರಬೇಕಾದ ಕಡೆ ಬಿಟ್ಟು ದಿಣ್ಣೆ ಹಾರಿ ಪಕ್ಕದ ಊರಿನ ಬೆಟ್ಟಕ್ಕೆ ಓಡಿತು. ಅವನ್ನು ತಿರುಗಿಸಿ ತರಲು ಗಂಡಸರಿಗೆ ಕತ್ತಲಾಯಿತು. ಗುಡಿಸಲಲ್ಲಿ ಎಯೋಲ್ಫ್ ಅವಳ ಎದುರಿಗೇ ಸಾರು ಕುಡಿಯಲು ಕೂತ. ಪ್ರತಿ ಚಮಚೆಗೂ ಒಮ್ಮೆ ನಿಟ್ಟುಸಿರು ಬಿಟ್ಟ, ಅಷ್ಟೆ.

ಎರಡನೆಯ ದಿನ ಚಳಿಗೆ ಬ್ಯಾಟರಿ ಸತ್ತಿತು. ಅದೂ ಮುದುಕಿಬೆನ್ನಿನ ಬುಡದಲ್ಲಿ, ಕರಿ ಬೂದಿಯ ಕಡಿದಾದ ಏರಿನಲ್ಲಿ. ಹೆಜ್ಜೆ ಇಟ್ಟಷ್ಟೂ ಹಿಂದಕ್ಕೆ ಜಾರುವ ಮಣ್ಣು. ಹಾಲ್ಬೇರಾ ಸೈಕಲ್ಲನ್ನು ನೂಕುತ್ತ, ಏದುಸಿರು ಬಿಡುತ್ತ, ಅದರ ತಯಾರಕರ ವಂಶವನ್ನೆಲ್ಲ ನೆನೆಯುತ್ತಿರುವಾಗ ಎಯೋಲ್ಫ್ ಬಂದು ಪಕ್ಕದಲ್ಲಿ ನಿಂತ.

"ಕುದುರೆಗೆ ಚಾರ್ಜು ಮಾಡ್ಬೇಕಾಗಿಲ್ಲ ನೋಡು," ಅಂದ.

"ಒಂದ್ ವಾರ ಹುಲ್ಲು ಹಾಕ್ದೆ ನೋಡು, ಗೊತ್ತಾಗತ್ತೆ. ಹಗ್ಗ ಇದ್ರೆ ಕೊಡು, ಇಲ್ಲಾಂದ್ರೆ ದಾರಿ ಬಿಡು."

ಅವನು ಹಗ್ಗ ಕೊಟ್ಟ. ಹೀಗೆ ಮುಂದೆ ಮೋಸಿ, ನಡುವೆ ಸೈಕಲ್ಲು, ಹಿಂದೆ ಸೀನುತ್ತ ನೂಕುತ್ತ ಬೆಟ್ಟದ ರಾಣಿ, ಮೆರವಣಿಗೆ ದಿಣ್ಣೆಯ ತಲೆ ಮುಟ್ಟಿತು. ಹಗ್ಗ ಬಿಚ್ಚುವಾಗ ಮೋಸಿ ಕತ್ತು ತಿರುಗಿಸಿ ಅವಳ ಕೋಟಿನ ಜೇಬಿಗೆ ಮೂತಿ ಇಟ್ಟಿತು. ಆ ಜೇಬಿನಲ್ಲಿ ಯಾವಾಗಲೂ ಅದಕ್ಕೊಂದು ರೊಟ್ಟಿಯ ಚೂರು ಇರುತ್ತಿತ್ತು. ಹಾಲ್ಬೇರಾ ಎರಡು ಹೆಜ್ಜೆ ಹಿಂದೆ ಸರಿದಳು. "ಹೋಗೋ," ಅಂದಳು, "ಹೋಗು, ಅವನ ಜೊತೆ ಹೋಗು." ಕುದುರೆ ಕದಲಲಿಲ್ಲ. ಎಯೋಲ್ಫ್ ಅವಳ ಮುಖ ನೋಡಿದ. ಲಗಾಮು ಎಳೆದು, ಹೊಳೆಯ ಪಾತ್ರದ ಕಡೆಗೆ ಇಳಿದ. ಮುದುಕಿಬೆನ್ನಿನ ಕಿರುದಾರಿಯಲ್ಲಿ ಕುದುರೆ ಇಳಿಯಲಾರದು, ಕುದುರೆಯವರೆಲ್ಲ ಸುತ್ತು ಬಳಸಿಯೇ ಬರಬೇಕು.

ಅವಳ ಮುಂದೆ, ಎಲ್ಲರೂ ಸೇರಿ ದಿಣ್ಣೆ ಹತ್ತಿಸಿದ್ದ ಕುರಿಗಳು ನಿಂತಿದ್ದವು. ಹಿಂದಿನ ದಿನದ ಸದ್ದು ಅವಕ್ಕೆ ನೆನಪಿತ್ತು, ಆದರೆ ಇಲ್ಲಿ ಎರಡೂ ಕಡೆ ಪ್ರಪಾತ, ಇರುವುದೊಂದೇ ದಾರಿ. ಹಾಲ್ಬೇರಾ ಸೈಕಲ್ ಹತ್ತಿದಳು. ಇಳಿಜಾರಿಗೆ ಬ್ಯಾಟರಿ ಬೇಕಿರಲಿಲ್ಲ. ಟಿಕಟಿಕ ಕೇಳಿದ್ದೇ ತಡ, ಕುರಿಗಳು ಒಂದರ ಹಿಂದೊಂದು ದಾರಿ ಹಿಡಿದವು. ಬೈಯುವ ಅಗತ್ಯವೇ ಬರಲಿಲ್ಲ. ಎಡಕ್ಕೆ ಹಸಿರು ಪಾಚಿ ಹೊದ್ದ ಲಾವಾ, ಬಲಕ್ಕೆ ಹಬೆ, ಮುಂದೆ ಬಿಳಿ ಬೆನ್ನುಗಳ ಹೊಳೆ. ಕೆಳಗಿನ ನೇರ ದಾರಿಯಲ್ಲಿ ಅವಳು ಬ್ರೇಕು ಬಿಟ್ಟಳು. ಬಾಯಿಂದ ಒಂದು ಕೇಕೆ ಹೊರಟಿತು. ಅದು ಕುರಿಗಳಿಗೆ ಹೇಳಿದ್ದಲ್ಲ.

ಕೆಳಗಿನ ದೊಡ್ಡಿಯ ಬಾಗಿಲಲ್ಲಿ, ಗುಡಿಸಲಿನಿಂದ ಮೊದಲೇ ಇಳಿದು ಬಂದಿದ್ದ ಬಾರ್ದುರ್ ಒಬ್ಬನೇ ಇದ್ದ. ರಾಣಿಯ ವಿಜಯಯಾತ್ರೆಗೆ ಅವನೊಬ್ಬನೇ ಪ್ರೇಕ್ಷಕ, ಅವನೂ ಕುರಿ ಒಳಗೆ ಹೋಗಲೆಂದು ಗೇಟು ಹಿಡಿದು ಬೆನ್ನು ಮಾಡಿ ನಿಂತಿದ್ದ. ಕೊನೆಯ ಕುರಿ ಹೊಕ್ಕ ಮೇಲೆ ತಿರುಗಿ ನೋಡಿದರೆ ಹೆಂಡತಿಯ ಕಣ್ಣು, ಮೂಗು ಎಲ್ಲ ಸುರಿಯುತ್ತಿತ್ತು.

"ಏನಾಯ್ತು?"

"ಕುದುರೆ ಕೂದ್ಲು."

ಕುದುರೆಗಳು ಇನ್ನೂ ಬೆಟ್ಟದ ಆಚೆ ಬದಿಗಿದ್ದವು. ಬಾರ್ದುರ್ ತಲೆಯಾಡಿಸಿ ಕರವಸ್ತ್ರ ಕೊಟ್ಟ.

ಮುಂದಿನ ವರ್ಷವೂ ಊರಸಭೆ ಸೇರಿ, ನಿದರ್ಶನವಾಗದಂತೆ, ಸೈಕಲ್ಲನ್ನು ಕುದುರೆ ಎಂದು ಭಾವಿಸಿತು. ಹಾಲ್ಬೇರಾ ಈಗಲೂ ರಾಣಿ. ಗಿಳಿಬಣ್ಣದವರ ಬಗ್ಗೆ ಅವಳ ಅಭಿಪ್ರಾಯ ಬದಲಾಗಿಲ್ಲ, ತಾನು ಅವರಂತಲ್ಲ, ತಾನು ಕೆಲಸಕ್ಕೆ ಹೋಗುವವಳು ಅನ್ನುತ್ತಾಳೆ. ಕೆಲಸವಿಲ್ಲದ ಜುಲೈ ತಿಂಗಳಲ್ಲಿ ಮುದುಕಿಬೆನ್ನಿನ ಮೇಲೆ ಅವಳನ್ನು ಕಂಡವರಿದ್ದಾರೆ. ಕೇಳಿದರೆ ಬೇಲಿ ನೋಡಲು ಹೋಗಿದ್ದೆ ಎಂಬ ಉತ್ತರ ಬರುತ್ತದೆ. ಅಲ್ಲಿ ಬೇಲಿಯಿಲ್ಲ.

ಮೋಸಿ ಎಯೋಲ್ಫನ ತೋಟದಲ್ಲೇ ಇದೆ. ಭಾನುವಾರಗಳಂದು ಹಾಲ್ಬೇರಾ ಕಾರಿನಲ್ಲಿ ಅಲ್ಲಿಗೆ ಹೋಗಿ, ಗಾಜು ಏರಿಸಿಕೊಂಡು, ಬೇಲಿಯ ಪಕ್ಕ ನಿಲ್ಲಿಸುತ್ತಾಳೆ. ಕುದುರೆ ಬಂದು ಗಾಜಿನ ಆಚೆ ನಿಲ್ಲುತ್ತದೆ. ಆ ಹೊತ್ತಿಗೆ ಎಯೋಲ್ಫ್ ಏನು ಕೆಲಸವಿದ್ದರೂ ಬಿಟ್ಟು ಮನೆಯೊಳಗೆ ಹೋಗಿಬಿಡುತ್ತಾನೆ. ಅದನ್ನು ಸೌಜನ್ಯವೆಂದು ಒಪ್ಪಲು ಹಾಲ್ಬೇರಾ ತಯಾರಿಲ್ಲ. ಅವನಿಗೆ ಮೊದಲಿನಿಂದಲೂ ಚಳಿ ತಡೆಯುವುದಿಲ್ಲ ಅನ್ನುತ್ತಾಳೆ.